ಚಾಳೀಸದವ್ವ ಮತ್ತು ನಮ್ಮ ಮಾವ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ನಾನು ಯಾವತ್ತೂ ಹೇಳಿಲ್ಲ. ಹಾಗೆ ಹೇಳುವವರು ಬೆಟಗೇರಿಯಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರ ಬಾಯಿಯ ಕೆಲಸ ಕಸಿಯಲು ನಾನ್ಯಾರು? ನನ್ನದು ಒಂದೇ ತಕರಾರು. ಅಟ್ಟದ ಏಣಿಯ ಮೂರನೆಯ ಮೆಟ್ಟಿಲಿಗೇ ಕಾಲು ನಡುಗಿ "ಲೇ, ಗಟ್ಟಿ ಹಿಡೀಲೇ!" ಎಂದು ಕೂಗುವ ಮನುಷ್ಯ, ಮೊಟ್ಟಮೊದಲು ಆಕಾಶಕ್ಕೆ ಹಾರಿದ ಧೀರರೆಲ್ಲ ತನ್ನ ಖಾಸಾ ಬೀಗರು ಎನ್ನುವಂತೆ ಮಾತಾಡಬಹುದೇ?

ಮಾವನದು ಸೈಕಲ್ ಅಂಗಡಿ. ಹಳೇ ಹ್ಯಾಂಡಲ್ ಹುಡುಕಲು ಗುಜರಿಗೆ ಹೋದವನು ಒಮ್ಮೆ ತುಕ್ಕು ಹಿಡಿದ ತಗಡಿನ ಡಬ್ಬಿ ಹಿಡಿದುಕೊಂಡು ಬಂದ. ಒಳಗೆ ಬೆಂಕಿಪೊಟ್ಟಣದಷ್ಟೇ ಗಾತ್ರದ ಬಣ್ಣಬಣ್ಣದ ಹನ್ನೆರಡು ಪಟಗಳು. ಪ್ರತಿ ಪಟದಲ್ಲೂ ಒಂದು ಹಳೇ ವಿಮಾನ, ಅದರ ಮುಂದೆ ದೊಡ್ಡ ಕನ್ನಡಕ ಹಾಕಿಕೊಂಡ ಒಬ್ಬ ಹಾರಾಟಗಾರ. ನೂರು ವರ್ಷಗಳ ಹಿಂದೆ ವಿಲಾಯತಿ ಸಿಗರೇಟ್ ಪ್ಯಾಕಿನೊಳಗೆ ಇಂಥ ಪಟಗಳನ್ನು ಇಟ್ಟು ಮಾರುತ್ತಿದ್ದರಂತೆ. ಗದಗಿಗೆ ಅರಳೆ ಕೊಳ್ಳಲು ಬರುತ್ತಿದ್ದ ಸಾಹೇಬರು ಸೇದಿದ್ದು ಹೊಗೆಯಾಯಿತು, ಬಿಸಾಡಿದ್ದು ನಮ್ಮ ಮಾವನ ಪಾಲಾಯಿತು! ಹನ್ನೆರಡಕ್ಕೇ ಬಿಟ್ಟಿದ್ದರೆ ಮನೆ ಉಳಿಯುತ್ತಿತ್ತು. ಆದರೆ ಮೊದಲು ವಿಮಾನ ಹಾರಿಸಿದ ಅಣ್ಣತಮ್ಮಂದಿರು ಮೂಲತಃ ಸೈಕಲ್ ಅಂಗಡಿಯವರು ಎಂದು ಯಾರೋ ಮೇಷ್ಟ್ರು ಅವನಿಗೆ ಹೇಳಿಬಿಟ್ಟರು. ಅಂದೇ ಕೆಟ್ಟಿತು ನೋಡಿ! "ನಮ್ಮ ಮಂದಿ" ಎಂದು ಎದೆ ಮುಟ್ಟಿಕೊಂಡ. ಒಂದು ಕಟ್ಟಿಗೆ ಐವತ್ತು ಪಟ ಎಂಬುದೂ ತಿಳಿಯಿತು. ಉಳಿದ ಮೂವತ್ತೆಂಟರ ಬೇಟೆ ಶುರುವಾಯಿತು.

ಬೇಟೆ ಹೇಗೆ? ಹಳೇ ವ್ಯಾಪಾರಸ್ಥರ ಮನೆಗಳಿಗೆ ಹೋಗಿ, ಕುಂಡ್ರಿ ಅಂದ ತಕ್ಷಣ ಕುಂತು, "ನಿಮ್ಮ ಅಜ್ಜಾರು ಸಿಗರೇಟ್ ಸೇದ್ತಿದ್ರೇನ್ರಿ?" ಎಂದು ಕೇಳುವುದು. ಶಿರಹಟ್ಟಿಯ ಒಂದು ಮನೆಯಲ್ಲಿ ಅದೇ ಹೊತ್ತಿಗೆ ಕನ್ಯಾ ನೋಡಲು ಬೀಗರು ಬಂದಿದ್ದರು. ಯಜಮಾನರು ಗೋಡೆಯ ಮೇಲಿನ ಮೂರು ಬೆರಳು ವಿಭೂತಿಯ ಅಜ್ಜನ ಫೋಟೋ ತೋರಿಸಿ, "ನಮ್ಮ ಮನಿತನದಾಗ ಅಂಥಾದ್ದು ಇಲ್ರಿ!" ಎಂದು ಗುಡುಗಿದರು. ಅಷ್ಟರಲ್ಲಿ ಒಳಗಿನಿಂದ ಹಣ್ಣುಹಣ್ಣು ಮುದುಕಿಯೊಬ್ಬಳ ದನಿ ಬಂತು: "ಸೇದ್ತಿದ್ರಪ! ಹಿತ್ತಲದಾಗ!"

ಮಾವನಿಗೆ ಅಲ್ಲಿ ನಾಲ್ಕು ಪಟ ಸಿಕ್ಕವು. ಆ ಕನ್ಯೆಗೆ ವರ ಸಿಕ್ಕನೋ ಇಲ್ಲವೋ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ.

ಹುಚ್ಚನ್ನು ಬೇಕಾದರೆ ಸಹಿಸಬಹುದು, ಅವನ ಖರೇತನ ಸಹಿಸುವುದು ಕಷ್ಟ. ಹಾರಾಟದ ವಿಷಯದಲ್ಲಿ ಯಾರು ಒಂದು ತಪ್ಪು ಮಾತಾಡಿದರೂ ಅಲ್ಲೇ ತಿದ್ದಬೇಕು. "ಸುಳ್ಳು ಅಂದ್ರ ಸಡ್ಲ ನಟ್ಟು. ನೆಲದ ಮ್ಯಾಲ ಏನೂ ಆಗಂಗಿಲ್ಲ, ಮ್ಯಾಲ ಹೋದಾಗ ಕಳಚತೈತಿ" ಎನ್ನುವುದು ಅವನ ವೇದವಾಕ್ಯ. ಲಕ್ಷ್ಮೇಶ್ವರದಲ್ಲಿ ನಮ್ಮ ಬಂಧುಗಳ ಓಣಿಯಲ್ಲಿ ಪುರಾಣ ನಡೆದಿತ್ತು. ಪುರಾಣಿಕರು ಪುಷ್ಪಕ ವಿಮಾನವನ್ನು ಆಗಷ್ಟೇ ನೆಲದಿಂದ ಎಬ್ಬಿಸಿದ್ದರು. ಮಾವನೂ ಎದ್ದ.

"ಅಜ್ಜಾರ, ಅದಕ್ಕ ಇಂಜಿನ್ ಇತ್ತೇನ್ರಿ?"

"ಮನಸ್ಸಿನಿಂದ ಹಾರ್ತಿತ್ತಪ ಅದು."

"ಮನಸ್ಸಿನಿಂದ ಹಾರೂದಾದ್ರ ನಾ ಎಂದೋ ಹಾರಿರ್ತಿದ್ನಲ್ರಿ!"

ಅತ್ತೆ ಧೋತರದ ಚುಂಗು ಹಿಡಿದು ಜಗ್ಗಿ ಕೂರಿಸಿದಳು. ಆ ದಿನ ಪುಷ್ಪಕ ಲಂಕೆ ಮುಟ್ಟಿದ್ದು ಅರ್ಧ ತಾಸು ತಡವಾಗಿ.

ಪಾಪ, ಅತ್ತೆ! "ಆ ಸುಡಗಾಡ ಪಟದಾಗಿನ ಮಂದಿ ಹುಟ್ಟಿದ್ದು ಸತ್ತದ್ದು ಎಲ್ಲಾ ಬಾಯಿಪಾಠ. ನನ್ನ ತವರಮನಿ ಬಸ್ ಎಷ್ಟೊತ್ತಿಗೆ ಐತಿ ಕೇಳ್ರಿ, ಗೊತ್ತಿಲ್ಲ!" ಎಂದು ಬಂದವರಿಗೆಲ್ಲ ದೂರುತ್ತಿದ್ದಳು. ಆದರೆ ಮೂವತ್ತು ವರ್ಷ ಊಟಕ್ಕೆ ಕುಂತಾಗಲೆಲ್ಲ ಕೇಳಿ ಕೇಳಿ ಅವಳಿಗೂ ಅವೆಲ್ಲ ಬಾಯಿಪಾಠವಾಗಿದ್ದವು.

ಹೀಗೆ ನಲವತ್ತೊಂಬತ್ತು ಪಟ ಕೂಡಿದವು. ಇಲ್ಲದ್ದು ಒಂದೇ, ಮೂವತ್ತೊಂದನೆಯ ನಂಬರಿನದು. ಆ ಕಟ್ಟಿನಲ್ಲಿದ್ದ ಒಬ್ಬಳೇ ಹೆಂಗಸು. ಆಲ್ಬಮ್ಮಿನಲ್ಲಿ ಅವಳ ಜಾಗ ಖಾಲಿ ಬಿಟ್ಟು ಹದಿನಾಲ್ಕು ವರ್ಷ ಕಾದ.

ಅಂಗಡಿಗೆ ಪಂಕ್ಚರ್ ಹಾಕಿಸಲು ಬಂದವರಿಗೆ ಮಾವ ಮೊದಲು ಗಾಲಿ ಬಿಚ್ಚುತ್ತಾನೆ, ಆಮೇಲೆ ಆಲ್ಬಮ್ ಬಿಚ್ಚುತ್ತಾನೆ. ಗಾಲಿ ಇಲ್ಲದವರು ಎಲ್ಲಿಗೆ ಓಡಿಯಾರು? ಹೋದ ವರ್ಷ ಹಾಗೆ ಸಿಕ್ಕಿಬಿದ್ದ, ಡೋಣಿ ಎಂಬ ಹಳ್ಳಿಯ ಗಿರಾಕಿಯೊಬ್ಬ ಪಟಗಳನ್ನು ನೋಡುತ್ತ ನೋಡುತ್ತ ಹೇಳಿದ:

"ಹಿಂಥಾದ್ದೊಂದು ಪಟ ನಮ್ಮೂರಾಗ ಒಬ್ಬಾಕಿ ಅಜ್ಜಿ ಮನಿ ದೇವರ ಜಗಲಿ ಮ್ಯಾಲ ಐತ್ರಿ. ಚಾಳೀಸ ಹಾಕ್ಕೊಂಡ ದೇವಿ. ಚಾಳೀಸದವ್ವ ಅಂತ ದಿನಾ ಪೂಜಿ ಮಾಡ್ತಾಳ."

ನಮ್ಮ ಕಡೆ ಕನ್ನಡಕಕ್ಕೆ ಚಾಳೀಸ ಎನ್ನುತ್ತಾರೆ. ಮಾವನ ಕೈಯಲ್ಲಿನ ಟ್ಯೂಬು ಬೋಗುಣಿಯ ನೀರಿಗೆ ಬಿತ್ತು.

"ದೇವಿ ಹಿಂದ ರೆಕ್ಕಿ ಅದಾವೇನು?"

"ಅದಾವ್ರಿ. ಒಂದರ ಮ್ಯಾಲ ಒಂದು, ಎರಡು."

ಮರುದಿನ ಮುಂಜಾನೆ ಡಂಬಳದ ಹಾದಿಯ ಡೋಣಿ ಬಸ್ಸಿನಲ್ಲಿ ನಾನೂ ಮಾವನೂ ಕುಂತಿದ್ದೆವು. ಮಾವನ ಚೀಲದಲ್ಲಿ ಪಟ ಎತ್ತಲು ಒಂದು ಚಿಮಟಿಗೆ, ಅದಕ್ಕೆ ಬದಲಾಗಿ ಕೊಡಲು ತಲೆಯ ಹಿಂದೆ ಬ್ಯಾಟರಿ ದೀಪ ಗರಗರ ತಿರುಗುವ ದೊಡ್ಡ ದೇವಿಯ ಫೋಟೋ, ಮತ್ತು ಅತ್ತೆ ಹಬ್ಬಕ್ಕೆಂದು ನೇಯಿಸಿಟ್ಟಿದ್ದ ಹೊಸ ಬೆಟಗೇರಿ ಸೀರೆ. ಸೀರೆಯ ವಿಷಯ ಅತ್ತೆಗೆ ಗೊತ್ತಿರಲಿಲ್ಲ. ಕೇಳಿದರೆ ಖರೆ ಹೇಳಬೇಕಾಗುತ್ತದೆಂದು, ಅವಳು ಏಳುವ ಮೊದಲೇ ಮನೆ ಬಿಟ್ಟಿದ್ದ ನಮ್ಮ ಸತ್ಯವಂತ! ಗುಡ್ಡದ ಮೇಲಿನ ಗಾಳಿ ಗಿರಣಿಗಳನ್ನು ಕಂಡು "ಇಷ್ಟು ದೊಡ್ಡ ಪಂಖಾ ಇಟ್ಕೊಂಡು ಒಂದರ ಹಾರತೈತೇನು? ಮೈಗಳ್ಳರು!" ಎಂದು ಬೈದ. ಆಮೇಲೆ ಮೂವತ್ತೊಂದನೆಯವಳ ಕಥೆಯನ್ನು ನೂರಾ ಒಂದನೆಯ ಸಲ ಹೇಳಿದ. ಗಂಡಸರ ಜೊತೆ ಪೈಪೋಟಿಗೆ ಬಿದ್ದು ಹಾರಿದವಳು, ಮಂದಿಗೆ ಹಾರಿ ತೋರಿಸುವಾಗ ಮೇಲಿನಿಂದ ಬಿದ್ದು ಸತ್ತಳು. ಇನ್ನೂ ಸಣ್ಣ ವಯಸ್ಸು.

ಡೋಣಿಯ ಅಜ್ಜಿ ಬೆಲ್ಲ, ನೀರು ಕೊಟ್ಟು ಕೂರಿಸಿ, ನಮ್ಮನ್ನು ಜಗಲಿಯ ಮುಂದೆ ಕರೆದೊಯ್ದಳು. ಅಂಗೈಯಗಲದ ಚೌಕಟ್ಟು, ಅದರ ಗಾಜಿನ ತುಂಬ ಎಷ್ಟೋ ವರ್ಷದ ಅರಿಷಿಣ ಕುಂಕುಮ. ಅಜ್ಜಿ ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು. ಮೊದಲು ಚಾಳೀಸದ ಎರಡು ದುಂಡನೆಯ ಗಾಜುಗಳು ಕಂಡವು, ಆಮೇಲೆ ನಗುವ ಬಾಯಿ. ಅವಳೇ! ಮಾವನ ಕೈ ತಾನಾಗಿಯೇ ಚೀಲದೊಳಗೆ ಹೋಯಿತು.

"ಕಪ್ಪತಗುಡ್ಡದಾಗ ಬಂಗಾರ ಹುಡುಕಾಕ ಬಂದ ಸಾಹೇಬನ ಹೆಂಡ್ತಿ ನಮ್ಮತ್ತಿಯ ಅತ್ತಿಗೆ ಕೊಟ್ಟದ್ದಂತ" ಎಂದಳು ಅಜ್ಜಿ. "ಅತ್ತಿ ಸೊಸಿಗೆ ಒಪ್ಪಿಸ್ಕೋತ ಬಂದಾರ. ನನ್ನ ಒಬ್ಬ ಮಗಾ ಹೋದಾಗ ಮನ್ಯಾಗ ಯಾರ ಮುಂದನೂ ನಾ ಅಳಲಿಲ್ಲ ತಮ್ಮಾ. ಈಕಿಗೆ ಹೇಳಿದೆ. ಮ್ಯಾಲ ಒಯ್ದು ಮುಟ್ಟಸ್ತಾಳ ಅಂತ ನಮ್ಮತ್ತಿ ಹೇಳಿದ್ಲು."

ಬಾಗಿಲಲ್ಲಿ ಸೊಸೆ ಫೋನು ಹಿಡಿದು ನಿಂತಿದ್ದಳು. ಅಜ್ಜಿ ಅವಳ ಕಡೆ ನೋಡಿ ದನಿ ತಗ್ಗಿಸಿದಳು.

"ಈಗ ಇಕಿ ಫೋನಿನಾಗ ನೋಡಿ, ಇದು ದೇವಿ ಅಲ್ಲ, ಯಾವಾಕಿನೋ ವಿಮಾನದಾಗಿಂದ ಬಿದ್ದು ಸತ್ತಾಕಿ ಅಂತಾಳ. ನೀ ಬಲ್ಲವ ಅಂತ ಕೇಳೇನಿ. ಖರೆ ಹೇಳು ತಮ್ಮಾ. ಈಕಿ ಬಿದ್ದಾಳೇನು?"

ಆಯಿತು, ಅಜ್ಜಿಯ ಕಥೆ ಮುಗಿಯಿತು ಎಂದುಕೊಂಡೆ. ಪುಷ್ಪಕ ವಿಮಾನವನ್ನೇ ಬಿಡದವನು ಇದನ್ನು ಬಿಟ್ಟಾನೆಯೇ? ಬಿದ್ದ ಊರು, ಬಿದ್ದ ಎತ್ತರ, ಸಡಿಲಾದ ನಟ್ಟು ಎಲ್ಲ ಅವನ ನಾಲಿಗೆಯ ತುದಿಯಲ್ಲೇ ಇದ್ದವು. "ಮಾಮಾ..." ಎಂದು ಅವನ ತೋಳು ಹಿಡಿದೆ.

ಮಾವ ಚೀಲದಿಂದ ಕೈ ತೆಗೆದ. ಕೈಯಲ್ಲಿ ಚಿಮಟಿಗೆ ಇರಲಿಲ್ಲ, ಸೀರೆ ಇತ್ತು. ಅದನ್ನು ಆ ಪುಟ್ಟ ಪಟದ ಮುಂದೆ ಇಟ್ಟು, ಉದ್ದಂಡ ಅಡ್ಡಬಿದ್ದ.

"ಇಲ್ಲವ್ವಾ" ಎಂದ ಏಳುತ್ತ. "ಆಕಿ ಬಿದ್ದಿಲ್ಲ. ಇನ್ನೂ ಹಾರಾಕತ್ತಾಳ."

ಸೊಸೆ ನಮ್ಮ ಮಾವನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ಫೋನನ್ನು ಕಿಟಕಿಯಲ್ಲಿಟ್ಟು, ಒಂದು ಚೀಟಿಯಲ್ಲಿ ಕುಂಕುಮ ಕಟ್ಟಿ ನಮಗೆ ತಂದುಕೊಟ್ಟಳು. ದೀಪ ತಿರುಗುವ ಫೋಟೋವನ್ನೂ ಮಾವ ಅಲ್ಲೇ ಬಿಟ್ಟ, ಚಾಳೀಸದವ್ವಗೆ ಜೋಡಿಗಿರಲಿ ಎಂದು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಲಾರದೆ, "ಮಾಮಾ, ಸಡ್ಲ ನಟ್ಟು?" ಎಂದೆ. "ಬಾಯಿ ಮುಚ್ಕೊಂಡು ಕುಂಡ್ರಲೇ" ಎಂದು ಕಿಟಕಿಯ ಕಡೆ ತಿರುಗಿದ. ಗಾಳಿ ಗಿರಣಿಗಳನ್ನೂ ಬೈಯಲಿಲ್ಲ.

ಮನೆಯ ಬಾಗಿಲಲ್ಲೇ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ನನ್ನ ಸೀರಿ ಎಲ್ರಿ?"

ಮಾವ ಒಂದೂ ಬಿಡದೆ ಎಲ್ಲ ಹೇಳಿದ. ಕೊನೆಗೆ ಆಲ್ಬಮ್ ತೆಗೆದು, ಮೂವತ್ತೊಂದನೆಯ ಖಾಲಿ ಜಾಗದಲ್ಲಿ ಆ ಕುಂಕುಮದ ಚೀಟಿ ಇಟ್ಟ. "ಸುಳ್ಳ ಹೇಳಿ ಬಂದ್ನಲ್ಲಲೇ" ಎಂದ. ಅವನ ದನಿ ನಡುಗುತ್ತಿತ್ತು. ಮಾವ ಏಣಿ ಇಲ್ಲದೆ ನಡುಗಿದ್ದನ್ನು ನಾನು ಅಂದೇ ನೋಡಿದ್ದು.

ಅತ್ತೆ ಚೀಟಿ ಬಿಚ್ಚಿ, ಒಂದು ಚಿಟಿಕೆ ಕುಂಕುಮ ತೆಗೆದು ಹಣೆಗೆ ಹಚ್ಚಿಕೊಂಡು, ಮತ್ತೆ ಮಡಚಿ ಅದೇ ಜಾಗದಲ್ಲಿಟ್ಟಳು.

"ಯಾವ ಸುಳ್ಳ?" ಎಂದಳು. "ಆಕಿ ಬಿದ್ಲು ಅಂತ ಬರದವ್ರ ಸುಳ್ಳ ಬರದಾರ. ಏಳ್ರಿ, ಉಣ್ಣಾಕ."

ಮಾವ ತಿದ್ದಲಿಲ್ಲ. ಎದ್ದು ಊಟಕ್ಕೆ ಹೋದ.