ಮಾವನ ಉಳಿದ ಸ್ಕ್ರೂಗಳು

ನನ್ನ ಸೋದರಮಾವ ರಿಪೇರಿ ಮಾಡಿದ ಯಾವ ವಸ್ತುವೂ ಪೂರ್ತಿಯಾಗಿಲ್ಲ. ಇದು ಆರೋಪವಲ್ಲ, ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದಾದ ಸಂಗತಿ. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ಊರುಗಳ ನಡುವೆ ಎಲ್ಲಾದರೂ ಒಂದು ಮಿಕ್ಸಿ ಚಟ್ನಿ ರುಬ್ಬುತ್ತಾ ರುಬ್ಬುತ್ತಾ ಅಡುಗೆಕಟ್ಟೆಯ ಅಂಚಿನ ತನಕ ನಡೆದುಕೊಂಡು ಹೋದರೆ, ಎಲ್ಲಾದರೂ ಒಂದು ಫ್ಯಾನಿನ ಕೆಳಗೆ ಮಾತ್ರ ಯಾರೂ ಹಾಸಿಗೆ ಹಾಸದಿದ್ದರೆ, ಮಾವ ಅಲ್ಲಿಗೆ ಬಂದು ಹೋಗಿದ್ದಾರೆ ಎಂದು ತಿಳಿಯಬೇಕು. ಕೆಲಸ ಮುಗಿದ ಮೇಲೆ ನೆಲಕ್ಕೆ ಹಾಸಿದ ಪೇಪರಿನ ಮೇಲೆ ಒಂದು ಸ್ಕ್ರೂ ಉಳಿದೇ ಇರುತ್ತದೆ. ಮಾವ ಅದನ್ನು ಎತ್ತಿ ಬೆಳಕಿಗೆ ಹಿಡಿದು ಕಂಪನಿಯವರ ದುಂದುವೆಚ್ಚಕ್ಕೆ ಮರುಗುತ್ತಾರೆ.

"ಎಕ್ಸ್‌ಟ್ರಾ ಹಾಕಿರ್ತಾರೆ ಕಣೋ. ಇದಿಲ್ದೇನೂ ಓಡ್ತದೆ."

ಓಡುತ್ತದೆ, ನಿಜ. ಕೆಲವು ಸಲ ಕಟ್ಟೆಯಿಂದ ಕೆಳಗೂ ಓಡುತ್ತದೆ.

ಗುಬ್ಬಿ ಹತ್ತಿರದ ಬಿದರೆಹಳ್ಳ ಕಾವಲ್‌ನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಬರುತ್ತದೆಂದು ಸುದ್ದಿಯಾದಾಗ ಸುತ್ತಲಿನ ಜನ ಕೆಲಸ ಸಿಗುತ್ತದೆಂದು ಸಂತೋಷಪಟ್ಟರು. ನಾವು ಮನೆತನದವರು ಮಾವನಿಗೆ ಅಷ್ಟರಲ್ಲಿ ರಿಟೈರ್ ಆಗುವ ವಯಸ್ಸಾಗಿತ್ತಲ್ಲ ಎಂದು ಸಮಾಧಾನಪಟ್ಟೆವು. ಅವರು ಇದ್ದದ್ದು ಸರ್ಕಾರಿ ಕಚೇರಿಯಲ್ಲಿ, ಗುಮಾಸ್ತರಾಗಿ. ರಿಪೇರಿ ಅವರ ಹವ್ಯಾಸ. ಯಾರ ಹತ್ತಿರವೂ ಕಾಸು ಮುಟ್ಟಿದವರಲ್ಲ. ಹಾಗಾಗಿ ಯಾರೂ ಬೈಯುವಂತಿರಲಿಲ್ಲ.

ಮಾವನ ಮನೆ ಶಿರಾ ಗೇಟ್ ಹತ್ತಿರ. ಮನೆಯ ಪಕ್ಕದಲ್ಲಿ ಕಾರಿಗೆಂದು ಕಟ್ಟಿಸಿದ ಶೆಡ್ಡಿದೆ. ಕಾರು ಬರಲಿಲ್ಲ. ಮೊದಲು ಒಂದು ಮೇಜು ಬಂತು, ಅದಕ್ಕೊಂದು ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸ್ ಕೂತಿತು, ಆಮೇಲೆ ಅದರ ಸುತ್ತ ಸತ್ತ ಮೋಟಾರುಗಳು, ಬಾಯಿಬಿಟ್ಟ ಇಸ್ತ್ರಿಪೆಟ್ಟಿಗೆಗಳು, ಒಂಟಿ ರೆಕ್ಕೆಯ ಫ್ಯಾನುಗಳು ಬಂದು ಸೇರಿದವು. ನಾನು ಕಂಡ ಕಾಲದಿಂದ ಆ ಮೇಜಿನ ಹಲಗೆ ಯಾವ ಬಣ್ಣದ್ದೆಂದು ಯಾರಿಗೂ ಗೊತ್ತಿಲ್ಲ. ಸುತ್ತಿಗೆ ಬೇಕಾದರೆ ಮಾವ ಹುಡುಕುವುದಿಲ್ಲ, ಸರ್ಕಲ್ಲಿನ ಅಂಗಡಿಗೆ ನಡೆದು ಹೋಗಿ ಹೊಸದನ್ನೇ ತರುತ್ತಾರೆ. ಹುಡುಕುವುದಕ್ಕಿಂತ ಅದು ಬೇಗ ಎಂಬುದು ಅವರ ಲೆಕ್ಕ. ತಂದ ಸುತ್ತಿಗೆಯನ್ನು ಮೇಜಿನ ಮೇಲೆ ಇಡುತ್ತಾರೆ. ಅಲ್ಲಿಗೆ ಅದರ ಕಥೆ ಮುಗಿಯಿತು.

ಹೋದ ವರ್ಷ ಆಯುಧಪೂಜೆಯ ದಿನ ಅತ್ತೆ ಕುಂಕುಮ, ಹೂವು, ಬೂದುಗುಂಬಳಕಾಯಿ ಎಲ್ಲ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದರಂತೆ. ಆಯುಧಗಳಿಗೆ ಪೂಜೆ ಮಾಡಬೇಕು, ಸರಿ. ಆಯುಧಗಳೆಲ್ಲಿ? ಒಳಗೆ ಕಾಲಿಡಲು ಜಾಗವಿಲ್ಲ. ಕೊನೆಗೆ ಬಾಗಿಲಿನ ಬೀಗಕ್ಕೇ ಕುಂಕುಮವಿಟ್ಟು, ಹೂವು ಸಿಕ್ಕಿಸಿ, ಮಂಗಳಾರತಿ ಮಾಡಿ ವಾಪಸ್ಸಾದರು.

ಈ ವರ್ಷ ಹಬ್ಬಕ್ಕೆ ಸ್ವಲ್ಪ ಮುಂಚೆ ಅತ್ತೆಯೇ ನನಗೆ ಫೋನ್ ಮಾಡಿದರು.

"ನೋಡಪ್ಪ, ಹಬ್ಬದ ಹೊತ್ಗೆ ಆ ಮೇಜಿನ ಹಲಗೆ ನನ್ ಕಣ್ಣಿಗೆ ಕಾಣ್ಬೇಕು. ಇಲ್ಲಾಂದ್ರೆ ಗುಜರಿಯವನ್ನ ಕರೆದು ಎಲ್ಲಾ ತುಂಬಿಸ್ಬುಡ್ತೀನಿ. ಹೇಳ್ಬುಟ್ಟಿದೀನಿ ನಿಮ್ಮಾವನಿಗೂ."

"ಮಾವ ಏನಂದ್ರು ಅತ್ತೆ?"

"ಏನಂತಾರೆ. ಈಗೀಗ ಏನೂ ಅನ್ನಲ್ಲ." ಅತ್ತೆಯ ದನಿ ಸ್ವಲ್ಪ ಇಳಿಯಿತು. "ನಿಮ್ಮಪ್ಪ ಹೋದ್ಮೇಲೆ ಇವ್ರು ಎಲ್ಲೂ ಹೋಗಲ್ಲ ಕಣಪ್ಪ. ಯಾರು ಕರೆದ್ರೂ ಹೋಗಲ್ಲ. ಬೆಳಗೆದ್ದು ಅಲ್ಲಿ ಹೋಗಿ ಕೂತ್ಕೊತಾರೆ. ರಿಪೇರಿನೂ ಮಾಡಲ್ಲ, ಸುಮ್ನೆ ಕೂತ್ಕೊತಾರೆ. ಆ ಶೆಡ್ಡಿದ್ರೆ ತಾನೇ ಕೂರೋದು."

ಅದು ನನಗೂ ಗೊತ್ತಿತ್ತು. ಅಪ್ಪ ಇರುವ ತನಕ ಪ್ರತಿ ಭಾನುವಾರ ಕುಣಿಗಲ್ಲಿನ ನಮ್ಮ ಮನೆಗೆ ಬರುತ್ತಿದ್ದ ಮಾವ, ತಿಥಿಯ ಊಟ ಮುಗಿಸಿ ಹೋದವರು ಮತ್ತೆ ಬಂದಿರಲಿಲ್ಲ. ಅಮ್ಮ ತಮ್ಮನ ಬಗ್ಗೆ ದೂರು ಹೇಳಿದವಳಲ್ಲ. ಭಾನುವಾರ ಮಾತ್ರ ಒಂದು ಲೋಟ ಕಾಫಿ ಹೆಚ್ಚಿಗೆ ಬೆರೆಸಿ, ಆಮೇಲೆ ತಾನೇ ಕುಡಿಯುತ್ತಿದ್ದಳು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿ, ಈಗ ಅದನ್ನೇ ಪಾಠ ಮಾಡುವವನು. ಓದಿದ್ದರಿಂದ ಆದ ದೊಡ್ಡ ಬದಲಾವಣೆಯೆಂದರೆ ನಾನು ನನ್ನ ನೆನಪನ್ನು ನಂಬುವುದು ಬಿಟ್ಟೆ. ನೆನಪು ಫೋಟೋ ಅಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವ ಕಥೆ ಎಂದು ಮಕ್ಕಳಿಗೆ ಹೇಳುತ್ತೇನೆ. ಉದಾಹರಣೆಗೆ ನನ್ನದೇ ಒಂದು ನೆನಪನ್ನು ಕೊಡುತ್ತೇನೆ.

ಭಾನುವಾರ. ನಮ್ಮ ಮನೆಯ ಪಡಸಾಲೆ. ಅಪ್ಪ ಮತ್ತು ಮಾವ ಪೇಪರ್ ಹಾಸಿಕೊಂಡು ನಮ್ಮ ರೇಡಿಯೋ ಬಿಚ್ಚಿದ್ದಾರೆ. ರೇಡಿಯೋಗೆ ಏನಾಗಿತ್ತು ಎಂದು ಯಾರೂ ಕೇಳುವಂತಿಲ್ಲ. ಹೋದ ವಾರ ಕಳೆದುಹೋದ ಸ್ಕ್ರೂವಿನ ಬದಲಿಗೆ ಮಾವ ಒಂದು ಹೊಸ ಸ್ಕ್ರೂ ತಂದಿರುತ್ತಾರೆ, ಅದನ್ನು ಹಾಕಲು ಮಿಕ್ಕವನ್ನು ಬಿಚ್ಚುತ್ತಾರೆ, ಬಿಚ್ಚಿದ್ದರಲ್ಲಿ ಇನ್ನೊಂದು ಕಳೆಯುತ್ತದೆ. ಅಪ್ಪ ನಗುತ್ತಾರೆ. "ಸಿಗ್ಲಿಲ್ವಾ? ಬುಡು, ಮುಂದಿನ್ ವಾರ ತಗಂಬಾ." ಇಲ್ಲಿಯ ತನಕ ಎಲ್ಲ ಸರಿ. ಆದರೆ ನನ್ನ ನೆನಪಿನಲ್ಲಿ ಇನ್ನೊಂದು ಚಿತ್ರವಿದೆ. ಮಾವ ಸ್ಕ್ರೂಡ್ರೈವರ್ ಹುಡುಕಲು ತಿರುಗಿದಾಗ ಅಪ್ಪನ ಕೈ ಪೇಪರಿನ ಮೇಲೆ ಮೆಲ್ಲಗೆ ಹರಿದು, ಒಂದು ಸ್ಕ್ರೂ ಎತ್ತಿ, ಎದೆಯ ಜೇಬಿನೊಳಗೆ ಬಿಡುತ್ತದೆ.

ಒಮ್ಮೆ ಅಮ್ಮನನ್ನು ಕೇಳಿದೆ. ಅಮ್ಮ ನನ್ನನ್ನು ಕನಿಕರದಿಂದ ನೋಡಿದಳು.

"ಭಾನುವಾರ ಮನೇಲಿ ನಿಮ್ಮಪ್ಪ ಬರೀ ಬನೀನು ಪಂಚೇಲಿ ಇರೋರು. ಬನೀನಿಗೆಲ್ಲೋ ಜೇಬು?"

ಅಲ್ಲಿಗೆ ಮುಗಿಯಿತು. ಇಲ್ಲದ ಜೇಬಿಗೆ ಸ್ಕ್ರೂ ಬೀಳಲು ಸಾಧ್ಯವಿಲ್ಲ. ಅಂದಿನಿಂದ ಸುಳ್ಳು ನೆನಪು ಎಂಬ ಪಾಠಕ್ಕೆ ಅದೇ ನನ್ನ ಖಾಯಂ ಉದಾಹರಣೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲೂ ಬರೆಯುತ್ತಾರೆ. ಅಪ್ಪನ ಬನಿಯನ್ನಿಗೆ ಅಂಕ ಕೊಟ್ಟಿದ್ದೇನೆ.

ಇರಲಿ. ಅತ್ತೆಯ ಕರೆಗೆ ಓಗೊಟ್ಟು ರಜೆ ಹಾಕಿ ತುಮಕೂರಿಗೆ ಹೋದೆ. ಮಾವ ಶೆಡ್ಡಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು.

"ಬಂದ್ಯೇನ್ಲಾ. ಗುಜರಿಯವನಿಗಿಂತ ನೀನೇ ವಾಸಿ. ಶುರು ಹಚ್ಕೊ."

ಹೊರಡುವ ಮುಂಚೆ ನಾನು ಶಿಸ್ತಾಗಿ ವಿಡಿಯೋಗಳನ್ನು ನೋಡಿದ್ದೆ. ಗೋಡೆಗೆ ಪ್ಲೈವುಡ್ ಹೊಡೆದು, ಒಂದೊಂದು ಉಪಕರಣಕ್ಕೂ ಮೊಳೆ ಬಡಿದು, ಅದರ ಆಕಾರವನ್ನು ಸುತ್ತಲೂ ಬಣ್ಣದಲ್ಲಿ ಬರೆದೆ. ಸುತ್ತಿಗೆಯ ಜಾಗದಲ್ಲಿ ಸುತ್ತಿಗೆಯ ಚಿತ್ರ, ಗರಗಸದ ಜಾಗದಲ್ಲಿ ಗರಗಸದ ಚಿತ್ರ. ಎಂಥ ಮರೆಗುಳಿಗೂ ತಪ್ಪಲು ಸಾಧ್ಯವಿಲ್ಲ ಎಂದು ಹೆಮ್ಮೆಪಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಗರಗಸದ ಚಿತ್ರದ ಮೇಲೆ ಮಾವನ ಕೊಡೆ ನೇತಾಡುತ್ತಿತ್ತು. ಸುತ್ತಿಗೆಯ ಚಿತ್ರದ ಮೇಲೆ ಅವರ ಅಂಗಿ.

"ಮಾವ, ಅದು ಸುತ್ತಿಗೆ ಜಾಗ."

"ಸುತ್ತಿಗೆ ಇಲ್ದೆ ಇದ್ದಾಗ ಖಾಲಿ ತಾನೆ ಅದು?"

ಕೊಡೆ, ಅಂಗಿಗಳನ್ನು ಅಲ್ಲೇ ಬಿಟ್ಟು ಮೇಜಿಗೆ ಕೈ ಹಾಕಿದೆ. ಒಂದು ಪದರ ತೆಗೆದರೆ ಕೆಳಗೆ ಇನ್ನೊಂದು ಪದರ. ಕಳೆದುಹೋದ ಸುತ್ತಿಗೆಗಳು ಒಂದರ ಹಿಂದೆ ಒಂದು ಬೆಳಕಿಗೆ ಬಂದವು, ಹೊಸದು ಮೇಲೆ, ಹಳೆಯದು ತಳದಲ್ಲಿ. ಮೇಜಿನ ಹಿಂದಿನ ಗೋಡೆಯ ಉದ್ದಕ್ಕೂ ಉಪ್ಪಿನಕಾಯಿ ಬಾಟಲಿ, ಕ್ರೀಮಿನ ಡಬ್ಬಿ, ಮಾತ್ರೆಯ ಸೀಸೆಗಳ ಸಾಲು. ಪ್ರತಿಯೊಂದರಲ್ಲೂ ಒಂದಿಷ್ಟು ಸ್ಕ್ರೂ. ಉದ್ದದ್ದು, ಗಿಡ್ಡದ್ದು, ದಪ್ಪದ್ದು, ಎಲ್ಲ ಕಲಬೆರಕೆ. ಇಂಥ ಅರಾಜಕತೆಯನ್ನು ನೋಡಿಕೊಂಡು ಸುಮ್ಮನಿರುವುದು ಹೇಗೆ? ಎಲ್ಲವನ್ನೂ ಒಂದು ತಟ್ಟೆಗೆ ಸುರಿದು, ಅಳತೆಯ ಪ್ರಕಾರ ವಿಂಗಡಿಸಿ, ಹೊಸ ಡಬ್ಬಿಗಳಿಗೆ ತುಂಬಿ, ಚೀಟಿ ಅಂಟಿಸಿದೆ. ಮಾವ ಸಂಜೆ ಕಾಫಿ ಕುಡಿದು ಬಂದು ನೋಡಿದರು. ಒಂದು ಡಬ್ಬಿ ಎತ್ತಿ ಚೀಟಿ ಓದಿದರು.

"ಚೆನ್ನಾಗೈತೆ. ಈಗ ಗುಬ್ಬಿ ಮಿಕ್ಸಿದು ಯಾವ್ದು?"

"ಅಂದ್ರೆ?"

"ಮಾತ್ರೆ ಸೀಸೇಲಿ ಇದ್ದಿದ್ದು ಗುಬ್ಬಿ ಮನೆದು ಕಣೋ. ಉಪ್ಪಿನಕಾಯಿದು ಹಾಗಲವಾಡಿ ಮೋಟ್ರುದು. ಕ್ರೀಮ್ ಡಬ್ಬಿ ಪಕ್ಕದ್ಮನೆಯೋರ ಫ್ಯಾನು. ಒಂದೊಂದ್ ಮನೆಗೆ ಒಂದೊಂದು."

ಅದು ಅರಾಜಕತೆಯಾಗಿರಲಿಲ್ಲ. ಮಾವ ಸ್ಕ್ರೂಗಳನ್ನು ಅಳತೆಯ ಪ್ರಕಾರ ಇಟ್ಟವರೇ ಅಲ್ಲ, ಮನೆಯ ಪ್ರಕಾರ ಇಟ್ಟವರು. ಒಂದು ಇಡೀ ಬಳಗವನ್ನು ನಾನು ಒಂದು ಮಧ್ಯಾಹ್ನದಲ್ಲಿ ಕಲಸಿಹಾಕಿದ್ದೆ. ಮಾವ ಬೈಯಲಿಲ್ಲ. ಖಾಲಿ ಸೀಸೆಗಳ ಸಾಲಿನತ್ತ ಒಮ್ಮೆ ನೋಡಿ, ಕೇಳಿದ್ದು ಬೇರೆಯೇ.

"ಹಿತ್ತಾಳೆ ಡಬ್ಬಿ ಸುರಿದ್ಯಾ?"

ಸುರಿದಿರಲಿಲ್ಲ. ಅದರ ಮುಚ್ಚಳ ತೆಗೆಯಲು ಬರಲಿಲ್ಲವಾದ್ದರಿಂದ ಹಾಗೇ ಪಕ್ಕಕ್ಕಿಟ್ಟಿದ್ದೆ. ತಂದು ಕೊಟ್ಟಾಗಲೇ ಅದನ್ನು ಸರಿಯಾಗಿ ನೋಡಿದ್ದು. ಅದು ಅಪ್ಪನ ಎಲೆ ಅಡಿಕೆ ಡಬ್ಬಿ. ತಿಥಿಯ ದಿನ ಅಮ್ಮ, ಬಾವನ ನೆನಪಿಗೆ ಏನಾದ್ರೂ ತಗೋ ಎಂದಾಗ ಮಾವ ಗಡಿಯಾರ ಬೇಡವೆಂದು ಇದನ್ನು ಕೇಳಿ ಪಡೆದಿದ್ದರು. ಎಲೆ ಅಡಿಕೆ ಹಾಕದ ಮನುಷ್ಯನಿಗೆ ಇದ್ಯಾಕೆ ಎಂದು ಆಗ ಎಲ್ಲರೂ ನಕ್ಕಿದ್ದೆವು.

ಮಾವ ಡಬ್ಬಿಯ ಅಂಚನ್ನು ವೈಸ್‌ಗೆ ಮೆಲ್ಲಗೆ ತಟ್ಟಿ, ಹೆಬ್ಬೆರಳಿನಿಂದ ಮುಚ್ಚಳ ಒತ್ತಿದರು. ಅದು ಟಕ್ ಎಂದು ತೆರೆದುಕೊಂಡಿತು. ಆ ಶಬ್ದಕ್ಕೆ ಅವರ ಕೈ ಹಾಗೇ ನಿಂತಿತು.

ಒಳಗೆ ಅಡಿಕೆ ಇರಲಿಲ್ಲ. ಸುಣ್ಣ ಹಿಡಿದು ಬೆಳ್ಳಗಾದ ಸ್ಕ್ರೂಗಳು. ಎಲ್ಲವೂ ರೇಡಿಯೋದ ಹಿಂಬದಿಗೆ ಹಾಕುವಂಥ ಪುಟ್ಟ ಸ್ಕ್ರೂಗಳು, ಒಂದರಂತೆ ಒಂದಿಲ್ಲ.

"ಮಾವ, ಅಪ್ಪ ಇವನ್ನ ಜೇಬಿಗೆ ಹಾಕ್ಕೊತಿದ್ರು ಅಂತ ನನಗೆ..." ಅಮ್ಮನ ಬನಿಯನ್ನಿನ ಸಾಕ್ಷಿ ಅಡ್ಡ ಬಂತು.

"ಜೇಬೆಲ್ಲಿತ್ತೋ ಅವ್ರಿಗೆ. ಡಬ್ಬಿಗೆ ಹಾಕ್ಕೊಳೋರು."

"ನಿಮಗೆ ಗೊತ್ತಿತ್ತಾ?"

"ಗೊತ್ತಾಗ್ದೆ ಏನ್ಲಾ. ನಾನ್ ಆ ಕಡೆ ತಿರುಗಿದ್ರೆ ಸಾಕು, ಈ ಕಡೆ ಟಕ್ ಅನ್ನೋದು. ತಿರುಗಿ ನೋಡಿದ್ರೆ ಬಾಯಲ್ಲಿ ಎಲೆ ಇರ್ತಿರ್ಲಿಲ್ಲ."

"ಮತ್ತೆ ಒಂದ್ಸಲನೂ ಕೇಳ್ಲಿಲ್ವಾ?"

ಮಾವ ಒಂದು ಸ್ಕ್ರೂ ತೆಗೆದು ಅದರ ಸುಣ್ಣವನ್ನು ಉಗುರಿನಿಂದ ಕೆರೆದರು.

"ಕೇಳಿದ್ರೆ ಕೊಟ್ಬುಡೋರು ಕಣೋ. ರೇಡಿಯೋ ಮುಗ್ದೋಗೋದು."

ಇಡೀ ಬಳಗ ಈ ಮನುಷ್ಯನನ್ನು ಕೈಲಾಗದ ಮೆಕ್ಯಾನಿಕ್ ಎಂದು ನಗುತ್ತಾ ಬಂದಿತ್ತು. ಆ ನಗುವನ್ನು ಅವರು ಕಾಫಿಯ ಜೊತೆ ಕುಡಿದುಕೊಂಡು ಭಾನುವಾರಗಳನ್ನು ಉಳಿಸಿಕೊಂಡಿದ್ದರು. ಹಾಗಾದರೆ ಉಳಿದ ಮನೆಗಳ ಸ್ಕ್ರೂಗಳೂ? ಗುಬ್ಬಿಯ ಮಿಕ್ಸಿ, ಹಾಗಲವಾಡಿಯ ಮೋಟರು, ಎಲ್ಲವೂ ಮತ್ತೆ ಬರಲೆಂದು ಬೇಕೆಂದೇ ಉಳಿಸಿದ ನೆಪಗಳೇ? ಅದನ್ನೇ ಕೇಳಿದೆ.

"ಇಲ್ಲ ಕಣೋ, ಅವು ನಿಜವಾಗ್ಲೂ ಉಳ್ದೋಗಿರೋವು. ಎಲ್ಲಿಂದ ಬಿಚ್ಚಿದ್ನೋ ಮರ್ತೋಗ್ತದೆ. ಏನ್ ಮಾಡಕ್ಕಾಯ್ತದೆ."

ಹಬ್ಬದ ದಿನ ಮೇಜಿನ ಹಲಗೆ ಕಂಡಿತು. ಹಳದಿ ಬಣ್ಣದ್ದು. ಅತ್ತೆ ವೈಸ್‌ಗೆ, ಸುತ್ತಿಗೆಗಳ ಸಂತತಿಗೆ, ಕೊನೆಗೆ ಹಿತ್ತಾಳೆ ಡಬ್ಬಿಗೂ ಕುಂಕುಮವಿಟ್ಟರು. ಗುಜರಿಯವನ ಸುದ್ದಿ ಮತ್ತೆ ಬರಲಿಲ್ಲ. ಏಕೆಂದರೆ ಮಾರನೆಯ ದಿನವೇ ಮಾವ ನಾನು ಚೀಟಿ ಅಂಟಿಸಿದ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ ಸ್ಕೂಟರಿಗೆ ನೇತುಹಾಕಿಕೊಂಡು ಹೊರಟರು. ಯಾವ ಸ್ಕ್ರೂ ಯಾವ ಮನೆಯದೆಂದು ಈಗ ಮನೆಮನೆಗೆ ಹೋಗಿ ಹಾಕಿ ನೋಡುವುದೊಂದೇ ದಾರಿಯಾಗಿತ್ತು. ಅಷ್ಟರಲ್ಲಿ ಕುಣಿಗಲ್ಲಿಗೆ ಮರಳಿದ್ದ ನನಗೆ ಅತ್ತೆ ಫೋನಿನಲ್ಲಿ, "ಗುಬ್ಬಿಲಿ ಊಟ ಅಂತೆ ಇವತ್ತು," ಎಂದರು. ಬೈಯುತ್ತಿದ್ದ ಹಾಗೆ ಕೇಳಿಸಲಿಲ್ಲ.

ಆ ಭಾನುವಾರ ಕುಣಿಗಲ್ಲಿನ ನಮ್ಮ ಮನೆಯ ಮುಂದೆ ಸ್ಕೂಟರ್ ನಿಂತಿತು. ಅಮ್ಮ ಬಾಗಿಲಿಗೆ ಬಂದವಳು ಹಾಗೇ ಒಳಗೆ ಹೋಗಿ ಪೇಪರ್ ತಂದು ಪಡಸಾಲೆಯಲ್ಲಿ ಹಾಸಿದಳು. ನಾನು ಅಟ್ಟದಿಂದ ರೇಡಿಯೋ ಇಳಿಸಿದೆ. ಹಿಂಬದಿಯಲ್ಲಿ ಒಂದು ಸ್ಕ್ರೂ ಇರಲಿಲ್ಲ. ಅಪ್ಪ ತೆಗೆದಿಟ್ಟ ಕೊನೆಯದು.

ಮಾವ ಹಿತ್ತಾಳೆ ಡಬ್ಬಿ ತೆರೆದು ಆ ಒಂದನ್ನು ಹುಡುಕಿ ತೆಗೆದರು. ಮಿಕ್ಕವನ್ನು ಬಿಚ್ಚಿ ಪೇಪರಿನ ಮೇಲೆ ಇಟ್ಟು, ಒಳಗಿನ ಧೂಳು ಊದಿ, ಏನನ್ನೋ ಒತ್ತಿ, ಏನನ್ನೋ ಎಳೆದು ಹಿಂಬದಿ ಮುಚ್ಚಿದರು. ಒಂದೊಂದಾಗಿ ಬಿಗಿಯುತ್ತಾ ಬಂದರು. ಇನ್ನು ಸ್ವಲ್ಪ ಹೊತ್ತಿಗೆ ರೇಡಿಯೋ ಪೂರ್ತಿಯಾಗಿಬಿಡುತ್ತದೆ. ನಾನು ಅದನ್ನು ನೋಡುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನೂ ನೋಡುತ್ತಿದ್ದಳು.

ಕೊನೆಯದೊಂದು ಉಳಿದಾಗ ಮಾವ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. ಕೆಳಗಿಟ್ಟು, ಅದನ್ನೇ ಹುಡುಕುವವರ ಹಾಗೆ ಆ ಕಡೆ ತಿರುಗಿದರು.

"ಅಕ್ಕಾ, ಕಾಫಿ ಆಯ್ತಾ?"

ಅವರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆ ಕಡೆಗೇ ತಿರುಗಿ ಕೂತಿದ್ದರು. ನನ್ನ ಕೈ ಪೇಪರಿನ ಮೇಲೆ ಮೆಲ್ಲಗೆ ಹರಿಯಿತು.

ನಾನು ಅಂದು ಅಂಗಿ ತೊಟ್ಟಿದ್ದೆ. ಅದಕ್ಕೆ ಜೇಬಿತ್ತು. ಇದರಲ್ಲಿ ನನಗೆ ಅನುಮಾನವಿಲ್ಲ.