ಅಡ್ಡಿಲ್ಲದ ಲ್ಯಾಪ್‌ಟಾಪ್

ಎಲ್ಲ ತಾಪತ್ರಯವೂ ಹುಟ್ಟಿದ್ದು ಒಂದು ತೂತು ಇಲ್ಲದ್ದರಿಂದ. ದೋಣಿಗೆ ತೂತಿದ್ದರೆ ಅಪಾಯ, ಲ್ಯಾಪ್‌ಟಾಪಿಗೆ ಇಲ್ಲದಿದ್ದರೆ ಅಪಾಯ ಎಂಬ ಲೋಕಸತ್ಯ ಅಳಿವೆಕೇರಿಯ ಸುಧೀರನಿಗೆ ಹೊಳೆದದ್ದು ಆ ಬೆಳಿಗ್ಗೆ, ಕೈಯಲ್ಲಿ ಸಿಡಿ ಹಿಡಿದು ಹೊಸ ಲ್ಯಾಪ್‌ಟಾಪಿನ ನಾಲ್ಕೂ ಬದಿಯನ್ನು ಎಮ್ಮೆ ಕೊಳ್ಳುವವನ ಹಾಗೆ ಸವರಿ ನೋಡಿದಾಗ.

ಸಿಡಿ ಸಾಮಾನ್ಯದ್ದಲ್ಲ. ಬೈಂದೂರು ದಾಟಿ ಶಿರೂರಿನ ಕಡೆ ಹೋಗುವಾಗ ಹೆದ್ದಾರಿಯಿಂದ ಕಡಲಿಗಿಳಿದರೆ ಸಿಗುವ ಕೇರಿ ಅಳಿವೆಕೇರಿ. ಅಲ್ಲಿಯ ಹೊಯ್ಗೆಯ ಮೇಲೆ, ಎಂದರೆ ಕಡಲದಂಡೆಯ ಮರಳಿನ ಮೇಲೆ, ಅಜ್ಜಿಯರ ಕಾಲದಿಂದ ಹೆಂಗಸರು ಮೀನು ಒಣಗಿಸುತ್ತಿದ್ದರು. ಈಗ ಅದೇ ಹೊಯ್ಗೆಗೆ ವಿಹಾರಧಾಮ ಬರುತ್ತದಂತೆ. ಒಣಮೀನಿನ ವಾಸನೆ ಅಭಿವೃದ್ಧಿಯ ಮೂಗಿಗೆ ಒಗ್ಗುವುದಿಲ್ಲ, ಗೊತ್ತಲ್ಲ. ಬೇಲಿ ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದವರಿಗೆ ಇಲಾಖೆ ಈ ಸಿಡಿ ಕೊಟ್ಟು, ನಕ್ಷೆಯೆಲ್ಲ ಇದರೊಳಗಿದೆ, ನೋಡಿಕೊಂಡು ಬಂದು ಸಭೆಯಲ್ಲಿ ಆಕ್ಷೇಪ ಹೇಳಿ ಎಂದು ಕೈತೊಳೆದುಕೊಂಡಿತ್ತು. ಸಭೆ ಅದೇ ದಿನ ಮಧ್ಯಾಹ್ನ, ಬೈಂದೂರಿನಲ್ಲಿ. ಅಲ್ಲಿ ಬಾಯಿ ಬಿಡದಿದ್ದರೆ ಹೊಯ್ಗೆ ಹೋಯಿತೆಂದೇ ಲೆಕ್ಕ.

ಸುಧೀರ 'ಹೊಯ್ಗೆ ಉಳಿಸಿ' ಸಮಿತಿಯ ಕಾರ್ಯದರ್ಶಿ. ನಕ್ಷೆ ಈಗೀಗ ಸಿನಿಮಾದ ಹಾಗೆ ಸುತ್ತ ತಿರುಗುತ್ತದೆ, ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪೇ ಬೇಕು ಎಂದು ವಾದಿಸಿ ತಂದವನೂ ಅವನೇ. ಸಮಿತಿಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಒಣಮೀನು ಮಾರುವ ಜಲಜಕ್ಕನಂತೂ ಕೂಡಲೇ ಒಪ್ಪಿದ್ದಳು. "ಕಾರ್ಡ್ ಇಪ್ಪುದನ್ನೇ ತಕೋ ಮಗಾ. ಕಾರ್ಡ್ ಇಲ್ದಿದ್ರೆ ಈ ಸರ್ಕಾರದಲ್ಲಿ ಅಕ್ಕಿಯೂ ಸಿಕ್ಕುದಿಲ್ಲೆ."

ಕಾರ್ಡೇನೋ ಇತ್ತು. ಸಿಡಿ ಹಾಕುವ ಜಾಗ ಮಾತ್ರ ಇರಲಿಲ್ಲ. ತೆಳ್ಳಗಿರಬೇಕೆಂದು ಕಂಪನಿಯವರು ಅದನ್ನು ಎಂದೋ ಕಿತ್ತು ಬಿಸಾಡಿದ್ದರು.

ಸುದ್ದಿ ತಿಳಿದು ಕೇರಿ ನೆರೆಯಿತು. ಪಕ್ಕದ ಮನೆಯ ಗುಡ್ಡ ಎಂಬವ, ಎಲ್ಲೋ ಒಂದು ಸೀಳು ಇರಲೇಬೇಕೆಂದು ಚಿಪ್ಪುಮೀನು ಬಿಡಿಸುವ ಕತ್ತಿ ಹಿಡಿದು ಬಂದ. ಅವನನ್ನು ದೂಡಿ ಹೊರಗೆ ಹಾಕಲು ಮೂರು ಜನ ಬೇಕಾಯಿತು. ಸಮಿತಿಯ ಅಧ್ಯಕ್ಷ ಚೆನ್ನಯ್ಯ ಲ್ಯಾಪ್‌ಟಾಪನ್ನು ಮಗುಚಿ ನೋಡಿ ತೀರ್ಪು ಕೊಟ್ಟ.

"ಹ್ವಾಯ್ ಸುಧೀರ, ತಲೆಗ್ ಕಿರೀಟ ಇಪ್ಪುದನ್ನ್ ತಂದೆ, ಸರಿ. ತಿಂಬುಕೆ ಬಾಯೇ ಇಲ್ಲೆ ಅಲ್ದಾ ಮಾರಾಯಾ ಇದ್ಕೆ?"

ಬೈಂದೂರಿನ ಸ್ಟುಡಿಯೋಗಳಲ್ಲಿ ಸಿಡಿ ಎಂದ ಕೂಡಲೇ ನಕ್ಕರು. ಸುಧೀರ ಲ್ಯಾಪ್‌ಟಾಪನ್ನು ಬಗಲಿಗೆ ಸಿಕ್ಕಿಸಿಕೊಂಡು ಕುಂದಾಪುರದ ಬಸ್ಸು ಹತ್ತಿದ.

ಅಲ್ಲಿಯ ಕಂಪ್ಯೂಟರ್ ಅಂಗಡಿಯ ಗುರುಪ್ರಸಾದ ಐತಾಳರು ಎಲ್ಲವನ್ನೂ ಶಾಂತವಾಗಿ ಕೇಳಿದರು. ಹೊರಗಿನಿಂದ ಸಿಕ್ಕಿಸುವ ಡ್ರೈವು ಮಂಗಳೂರಿನಿಂದ ಬರಬೇಕು, ನಾಳೆ ಎಂದರು. ನಾಳೆಗೆ ಹೊಯ್ಗೆಯೇ ಇರುವುದಿಲ್ಲವೆಂದು ಸುಧೀರ ಅಳುವುದಕ್ಕೇ ಶುರುಮಾಡಿದಾಗ, ಅಟ್ಟ ಹತ್ತಿ ಊಟದ ಮಣೆಯಷ್ಟು ದಪ್ಪದ ಒಂದು ಹಳೇ ಯಂತ್ರವನ್ನು ಇಳಿಸಿ ಧೂಳು ಊದಿದರು. ಬದಿಯ ಗುಂಡಿ ಒತ್ತಿದರೆ ಟ್ರೇ ಹೊರಗೆ ಬಂತು, ಡಾಕ್ಟರ ಮುಂದೆ ನಾಲಿಗೆ ಚಾಚಿದ ಹಾಗೆ.

"ಎರಡೂ ಒಟ್ಟಿಗ್ ಸಿಕ್ಕುದಿಲ್ಲೆ ಮಾರಾಯ್ರೆ," ಎಂದರು ಐತಾಳರು. "ಅದ್ಕೆ ಕಣ್ಣಿತ್ತ್, ಬಾಯಿಲ್ಲೆ. ಇದ್ಕೆ ಬಾಯಿತ್ತ್, ಕಣ್ ಮಂಜು."

"ಕೆಲ್ಸಕ್ಕ್ ಹ್ಯಾಂಗಿತ್ತ್ ಐತಾಳ್ರೆ?"

"ಅಡ್ಡಿಲ್ಲೆ."

ಈ ಕಡೆಯಲ್ಲಿ ಹೊಗಳಿಕೆ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಮದುವೆಯ ಹೆಣ್ಣು ಹೇಗಿದ್ದಾಳೆ ಎಂದರೂ ಅಡ್ಡಿಲ್ಲೆ, ಪಾಯಸ ಹೇಗಾಗಿದೆ ಎಂದರೂ ಅಡ್ಡಿಲ್ಲೆ. ಸುಧೀರನಿಗೆ ಅಷ್ಟು ಸಾಕಾಯಿತು. ಹೊಸದನ್ನು ಕೊಟ್ಟ, ಹಳೆಯದನ್ನು ಹೊತ್ತ. ಐತಾಳರು ಹೊಸದನ್ನು ಒಳಗಿಟ್ಟ ವೇಗ ನೋಡಿಯಾದರೂ ಅವನು ಒಮ್ಮೆ ಯೋಚಿಸಬಹುದಿತ್ತು. ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರ್ ಸೂರ ಅವನ ತೊಡೆಯ ಮೇಲಿನ ಭಾರವನ್ನು ಕಂಡು, ಗ್ರೈಂಡರಿಗೆ ಬೇರೆ ಟಿಕೆಟ್ ಆಗುತ್ತದೆ ಎಂದ.

ಸಭಾಭವನ ತುಂಬಿತ್ತು. ವೇದಿಕೆಯ ಮೇಲೆ, ಬಯಲುಸೀಮೆಯಿಂದ ಈಚೆಗಷ್ಟೇ ವರ್ಗವಾಗಿ ಬಂದ ಅಧಿಕಾರಿ ತನ್ನ ತೆಳ್ಳನೆಯ ಲ್ಯಾಪ್‌ಟಾಪಿನ ಮುಂದೆ ಕೂತು ಬೆವರು ಒರೆಸುತ್ತಿದ್ದರು. ವಿಹಾರಧಾಮದ ಕೋಟಿನವ ಅವರ ಕಿವಿಯಲ್ಲಿ ಏನೋ ಪಿಸುಗುಡುತ್ತಿದ್ದ. ಹಿಂದಿನ ದೊಡ್ಡ ಪರದೆ ಖಾಲಿ. ಸುಧೀರ ಮಣೆಯಂಥ ಯಂತ್ರ ಹೊತ್ತು ಒಳಗೆ ಬಂದದ್ದೇ ಇಬ್ಬರೂ ಎದ್ದು ನಿಂತರು. ಹೆದರಿದರು ಎಂದುಕೊಂಡ ಸುಧೀರ.

"ನಿಮ್ಮದರಲ್ಲಿ ಸಿಡಿ ಹಾಕಲು ಬರುತ್ತದೆಯೇ?" ಅಧಿಕಾರಿಯ ದನಿ ಬೆಲ್ಲದಂತಿತ್ತು.

"ಬತ್ತ್ ಸರ್. ಅದ್ಕಂದೇಳಿಯೇ ತಂದದ್ದ್."

ಸುಧೀರನ ಯಂತ್ರಕ್ಕೆ ವೇದಿಕೆಯ ಮೇಲೆ ಜಾಗವಾಯಿತು. ಹಾರವೊಂದು ಬಾಕಿ. ಕೇರಿಯವರು ಚಪ್ಪಾಳೆ ಹೊಡೆದರು. ಸಿಡಿ ಒಳಗೆ ಹೋಯಿತು, ಯಂತ್ರ ಅಳಿವೆ ದಾಟುವ ದೋಣಿಯ ಇಂಜಿನಿನ ಹಾಗೆ ಅರಚಿತು, ಪರದೆಯ ಮೇಲೆ ನಕ್ಷೆ ಮೂಡತೊಡಗಿತು.

ಮೊದಲು ಆಕಾಶ ಬಂತು. ಆಮೇಲೆ ಇನ್ನಷ್ಟು ಆಕಾಶ. ಕಾರ್ಡಿಲ್ಲದ ಬಡಯಂತ್ರ ಮೇಲಿನಿಂದ ಒಂದೊಂದೇ ಗೆರೆ ಎಳೆಯುತ್ತ, ದಿನಗೂಲಿಗೆ ಸುಣ್ಣ ಹೊಡೆಯುವವನ ನಿಧಾನದಲ್ಲಿ ಕೆಳಗಿಳಿಯುತ್ತಿತ್ತು. ಮೋಡಗಳನ್ನು ಬಹಳ ಅಕ್ಕರೆಯಿಂದ ಬರೆಯಿತು. ಬಿಸಿಲು ಇಳಿಮುಖವಾಗುವ ಹೊತ್ತಿಗೆ ತೆಂಗಿನ ತಲೆಗಳು ಕಂಡವು. ನೆಲದ ಸುದ್ದಿಯೇ ಇಲ್ಲ.

ಅಧಿಕಾರಿ ಗಡಿಯಾರ ನೋಡಿ ಮೈಕನ್ನು ಸುಧೀರನ ಬಾಯಿಗೆ ಹಿಡಿದರು. "ಹೇಳಿ, ಹೇಗಿದೆ?"

ಬೆಳಗಿನಿಂದ ಆ ಲ್ಯಾಪ್‌ಟಾಪಿನ ದೆಸೆಯಿಂದ ಬೈಗುಳವನ್ನೇ ತಿಂದವನು. ಅದರ ಬಗ್ಗೆ ಮರ್ಯಾದೆಯಿಂದ ಕೇಳಿದ ಮೊದಲ ಮನುಷ್ಯ ಇವರು. ಸುಧೀರನ ಎದೆ ಉಬ್ಬಿತು.

"ಅಡ್ಡಿಲ್ಲೆ ಸರ್."

ಹಿಂದಿನಿಂದ ಇಡೀ ಕೇರಿ ಅಭಿಮಾನದಿಂದ ದನಿಗೂಡಿಸಿತು. "ಅಡ್ಡಿಲ್ಲೆ, ಅಡ್ಡಿಲ್ಲೆ."

"ಅಡ್ಡಿ ಇಲ್ಲ," ಎಂದರು ಅಧಿಕಾರಿ ಗುಮಾಸ್ತನ ಕಡೆ ತಿರುಗಿ. "ಬರೆದುಕೊಳ್ಳಿ. ಅಳಿವೆಕೇರಿಯವರದು ಸರ್ವಾನುಮತ."

ಆಮೇಲೆ ಎದ್ದ ಗಲಾಟೆಯಲ್ಲಿ ಚೆನ್ನಯ್ಯ ಹತ್ತಿದ ಕುರ್ಚಿ ಮುರಿಯಿತು. ತಾವು ಹೊಗಳಿದ್ದು ಯಂತ್ರವನ್ನು, ಯೋಜನೆಯನ್ನಲ್ಲ ಎಂದು ಸುಧೀರ ಗಂಟಲು ಹರಿದುಕೊಂಡ. ಅಧಿಕಾರಿ ಪ್ರಜಾಪ್ರಭುತ್ವದಲ್ಲಿ ನಂಬಿಕೆ ಇದ್ದವರು. ಸರಿ, ಆಕ್ಷೇಪ ಯಾವುದಕ್ಕೆ, ಪರದೆಯ ಮೇಲೆ ಬೆರಳಿಟ್ಟು ತೋರಿಸಿ ಎಂದರು. ಸುಧೀರ ಬೆರಳೆತ್ತಿದ. ಬೆರಳ ತುದಿಯಲ್ಲಿ ಮೋಡವಿತ್ತು.

"ಆಕಾಶಕ್ಕೆ ನಿಮ್ಮ ಆಕ್ಷೇಪವೇ?" ಎಂದು ಅವರು ಕಡತ ಮುಚ್ಚಿದರು.

ಹೊರಡುವ ಮುಂಚೆ ಸುಧೀರನ ಕೈ ಕುಲುಕುವುದನ್ನು ಮರೆಯಲಿಲ್ಲ. "ನಿಮ್ಮಿಂದ ದೊಡ್ಡ ಉಪಕಾರವಾಯಿತು. ಜನರಿಗೆ ನಕ್ಷೆ ತೋರಿಸದೆ ಸಭೆ ನಡೆಸುವ ಹಾಗಿಲ್ಲ. ನಮ್ಮ ಯಾವ ಲ್ಯಾಪ್‌ಟಾಪಿಗೂ ಸಿಡಿ ಹಾಕಲು ಬರುವುದಿಲ್ಲ, ನಾವೇ ನೋಡಿರಲಿಲ್ಲ. ನೀವು ಬರದಿದ್ದರೆ ಇವತ್ತು ಸಭೆಯನ್ನೇ ರದ್ದು ಮಾಡುವವನಿದ್ದೆ."

ಸುಧೀರ ಅಲ್ಲೇ ಮೆಟ್ಟಿಲ ಮೇಲೆ ಕುಸಿದ. ಜಲಜಕ್ಕ ಬಂದು ಪಕ್ಕದಲ್ಲಿ ಕೂತಳು.

"ಬಾಯಿ ಇಲ್ದಿದ್ದದ್ದೇ ಸಾಕಿತ್ತಲ್ದಾ ಮಗಾ," ಎಂದಳು, ಮೆಲ್ಲಗೆ.

ಖಾಲಿಯಾದ ಸಭಾಭವನದಲ್ಲಿ ಯಂತ್ರ ಕೊನೆಗೂ ನೆಲ ಮುಟ್ಟಿತು. ಅವರ ಹೊಯ್ಗೆ ಪರದೆ ತುಂಬ ಹರಡಿಕೊಂಡಿತು. ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬಣ್ಣದ ಕೊಡೆಗಳು, ಕೊಡೆಗಳ ಕೆಳಗೆ ಚಡ್ಡಿ ಹಾಕಿ ಮೈ ಒಣಗಿಸಿಕೊಳ್ಳುತ್ತಿರುವ ಜನ. ಕೆಲಸ ಮುಗಿಯಿತೆಂದು ಯಂತ್ರ ಒಮ್ಮೆ ನರಳಿ ಟ್ರೇಯನ್ನು ಹೊರಗೆ ಚಾಚಿತು.

ಜಲಜಕ್ಕ ಒಳಗೆ ಹೋಗಿ ಸಿಡಿ ಎತ್ತಿ ಬದಿಗಿಟ್ಟು, ಆ ಟ್ರೇಯ ಉದ್ದಗಲವನ್ನು ಗೇಣು ಹಾಕಿ ನೋಡಿದಳು.

"ಒಂದ್ ಬಂಗ್ಡಿ ಮೀನ್ ಒಣ್ಸುಕೆ ಅಡ್ಡಿಲ್ಲೆ."