ಹಿತ್ತಲ ಕೋಣೆಯ ಬಾಗಿಲು

ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗರನ್ನು ಇಡುವ ನಿಲಯಗಳ ತಪಾಸಣೆ ನನ್ನ ಕೆಲಸ. ಬಹಳ ಗಂಭೀರವಾದ ಹುದ್ದೆ ಎಂದು ಮೈಸೂರಿನ ನಮ್ಮ ನೆಂಟರು ಗೌರವ ಕೊಡುತ್ತಿದ್ದರು. ಆದರೆ ನಾನು ಹೋದಲ್ಲೆಲ್ಲ ಹುಡುಗರಿಗಿಂತ ದೊಡ್ಡವರ ಕಿತಾಪತಿಯೇ ಹೆಚ್ಚು. ತೊಂಬತ್ತರ ದಶಕದಲ್ಲಿ ನಮ್ಮ ಕೇಂದ್ರ ಸರ್ಕಾರದ ಇಲಾಖೆಯ ತಿರುವನಂತಪುರದ ಕಚೇರಿಯಲ್ಲಿದ್ದಾಗ ಒಂದೇ ಒಂದು ಕೋಣೆ ನನ್ನನ್ನು ಕುಣಿಸಿದ್ದು ಅಷ್ಟಿಷ್ಟಲ್ಲ.

ಗ್ರಂಥಾಲಯ

ಕೊಚ್ಚಿ ಕಡೆಯ ಒಂದು ನಿಲಯದಲ್ಲಿ ಹಟ ಮಾಡಿದ ಹುಡುಗರನ್ನು ಒಂಟಿಯಾಗಿ ಕೂಡಿಹಾಕುತ್ತಾರೆಂದು ದೂರು ಬಂತು. ನಮ್ಮ ಪದ್ಧತಿಯೋ, ತಪಾಸಣೆಗೆ ಬರುತ್ತೇವೆಂದು ಹದಿನೈದು ದಿನ ಮೊದಲೇ ಕಾಗದ ಬರೆಯುವುದು! ಹೋದೆ. ಹಿತ್ತಲಲ್ಲಿ ಕಿಟಕಿಯಿಲ್ಲದ ಕೋಣೆ. ಬಾಗಿಲ ಮೇಲೆ ಇನ್ನೂ ಒಣಗದ ಬಣ್ಣದಲ್ಲಿ 'ಗ್ರಂಥಾಲಯ'. ಒಳಗೆ ಒಂದು ಚಾಪೆ, ಒಂದು ತಟ್ಟೆ, ನಾಲ್ಕು ಹಳೇ ಪುಸ್ತಕ.

"ಗ್ರಂಥಾಲಯಕ್ಕೆ ಹೊರಗಿನಿಂದ ಮೂರು ಚಿಲಕ ಯಾಕೆ?" ಎಂದೆ.

"ಪುಸ್ತಕ ಕಳೆದರೆ ನನ್ನ ತಲೆಗೇ ಬರುತ್ತದಲ್ಲ ಸಾರೇ," ಎಂದರು ಸೂಪರಿಂಟೆಂಡೆಂಟರು.

"ಮತ್ತೆ ತಟ್ಟೆ?"

"ಓದುವವರಿಗೆ ಹಸಿವು ಜಾಸ್ತಿ ಸಾರೇ."

ಮೂರು ಪ್ರತಿ

ಹೊರಡುವಾಗ ಹನ್ನೆರಡು ವರ್ಷದ ಹುಡುಗನೊಬ್ಬ ಹತ್ತಿರ ಬಂದು, "ನಾನು ಮೂರು ದಿನ ಅದರೊಳಗಿದ್ದೆ ಸಾರೇ. ನನ್ನ ಕೈ ನನಗೇ ಕಾಣುತ್ತಿರಲಿಲ್ಲ," ಎಂದ. ನನ್ನ ಮಗನ ವಯಸ್ಸು. ಆ ಬಾಗಿಲು ಕೀಳಿಸದೆ ಬಿಡುವುದಿಲ್ಲವೆಂದು ಅಲ್ಲೇ ನಿರ್ಧರಿಸಿ, ಖಾರವಾದ ವರದಿ ಬರೆದೆ.

ನಮ್ಮ ಸಾಹೇಬರು ಕರೆಸಿದರು. "ಅಂಥ ಕೋಣೆಯೇ ಇಲ್ಲ ಅಂತ ನಿಲಯದವರು ಬರೆದುಕೊಟ್ಟಿದ್ದಾರಲ್ರೀ."

"ನಾನು ಕಣ್ಣಾರೆ ನೋಡಿದೆ ಸಾರ್."

"ನೀವು ನೋಡಿದ್ದು ಒಂದೇ ಸಲ. ಅವರು ಬರೆದಿರೋದು ಮೂರು ಪ್ರತಿಯಲ್ಲಿದೆ!"

ಗೆದ್ದಲಿಗೆ ನಮಸ್ಕಾರ

ಮುಂದಿನ ಸಲ ಕಾಗದ ಬರೆಯದೆ ನುಗ್ಗಿದೆ. ಮೂರೂ ಚಿಲಕ ಹಾಕಿತ್ತು. ತೆಗೆಸಿದರೆ ಒಳಗೆ ಒಬ್ಬ ಹುಡುಗ, ಬೆಳಕಿಗೆ ಕಣ್ಣು ಬಿಡಲಾರದೆ ನಿಂತಿದ್ದ.

"ಇವನಿಗೆ ಓದಿನ ಹುಚ್ಚು ಸಾರೇ," ಎಂದರು ಸೂಪರಿಂಟೆಂಡೆಂಟರು.

ಸಿಟ್ಟು ನೆತ್ತಿಗೇರಿ, ಕೈಯಲ್ಲಿದ್ದ ಛತ್ರಿಯಿಂದ ಬಾಗಿಲಿಗೆ ತಿವಿದೆ. ತುದಿ ಬೆಂದ ಗೆಣಸಿಗೆ ಚುಚ್ಚಿದಂತೆ ಒಳಗಿಳಿಯಿತು. ಗೆದ್ದಲು! ಬೇಡದ ಕೋಣೆ ಮುಚ್ಚಿಸುವ ಅಧಿಕಾರ ನನಗಿರಲಿಲ್ಲ, ನಿಜ. ಕೆಟ್ಟ ಸರ್ಕಾರಿ ಸಾಮಾನನ್ನು ನಿರುಪಯುಕ್ತ ಎಂದು ಬರೆದು ಅವತ್ತೇ ತೆಗೆಸುವ ಅಧಿಕಾರ ಧಾರಾಳವಾಗಿತ್ತು. ಬರೆದೆ. ಅದೂ ಮೂರು ಪ್ರತಿಯಲ್ಲಿ. ಹುಡುಗರೇ ಬಾಗಿಲು ಹೊತ್ತು ಅಂಗಳ ದಾಟುವಾಗ ಹಾಕಿದ ಕೇಕೆ ಕೇಳಿ ನಾನೂ ಛತ್ರಿ ಎತ್ತಿ ಕೂಗಿಬಿಟ್ಟೆ. ಸಂಜೆಗೆ ಆ ಕೋಣೆಯಲ್ಲಿ ಕೇರಂ ಶುರುವಾಗಿತ್ತು.

ಹೊಸ ಬಾಗಿಲು

ಸೂಪರಿಂಟೆಂಡೆಂಟರು ಸುಮ್ಮನಿರಲಿಲ್ಲ, ಹೊಸ ಬಾಗಿಲಿಗೆ ಅರ್ಜಿ ಹಾಕಿದರು. ಫೈಲು ಬಂದದ್ದು ನನ್ನ ಮೇಜಿಗೆ. 'ತೇಗವೋ, ಹಲಸೋ?' ಎಂದು ಬರೆದು ವಾಪಸು ಕಳಿಸಿದೆ. ಉತ್ತರಕ್ಕೆ ಆರು ತಿಂಗಳು. 'ಒಳಕ್ಕೆ ತೆರೆಯಬೇಕೋ, ಹೊರಕ್ಕೋ?' ಮತ್ತೆ ಏಳು ತಿಂಗಳು. 'ಯಾವ ಬಣ್ಣ?' ಹೀಗೆ ಎರಡೂವರೆ ವರ್ಷ ಬಾಗಿಲಿಲ್ಲದೆ ಕೇರಂ ನಡೆಯಿತು. ಸರ್ಕಾರದ ನಿಧಾನವನ್ನು ಮನಸಾರೆ ಹೊಗಳಿದವನು ಬಹುಶಃ ನಾನೊಬ್ಬನೇ.

ಅಷ್ಟರಲ್ಲಿ ನನಗೆ ಮೈಸೂರಿಗೆ ವರ್ಗವಾಯಿತು. ನಿದ್ದೆ ಹತ್ತಲಿಲ್ಲ. ಬರುವವರು ಒಂದು ಸಹಿ ಹಾಕಿದರೆ ಮುಗಿಯಿತು, ಮತ್ತೆ ಕತ್ತಲೆ. ನನ್ನ ಜಾಗಕ್ಕೆ ಬಂದದ್ದು ತಿರುವನಂತಪುರದವರೇ ಆದ ಒಬ್ಬ ಮೇಡಂ. ಫೈಲು ಕೊಟ್ಟು, ಎಲ್ಲ ಕಥೆ ಹೇಳಿ, ಅವರ ಮುಖ ನೋಡುತ್ತ ಕೂತೆ.

ಅವರು ಒಂದೊಂದೇ ಹಾಳೆ ತಿರುವಿ, ಕನ್ನಡಕ ತೆಗೆದಿಟ್ಟು ಹೇಳಿದರು: "ನೀವು ಧೈರ್ಯವಾಗಿ ಹೋಗಿ ಸಾರೇ. ಬಿಜಾಗರಿ ವಿಷಯ ಇನ್ನೂ ಯಾರೂ ಕೇಳೇ ಇಲ್ಲವಲ್ಲ!"